ಏನೂ ಇಲ್ಲದ್ದನ್ನು ಕುದಿಸುವ ಮೇಡಂ

ಬೆಳಗಿನ ಐದೂವರೆ. ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ಕಟ್ಟಡದ ಹಿಂಬಾಗಿಲಲ್ಲಿ ಕಾವಲುಗಾರ ಕುರ್ಚಿಯಿಂದ ಎದ್ದು ಮೈಮುರಿಯುತ್ತಾರೆ, ಬೀಗದ ಕೈಗೊಂಚಲು ಹುಡುಕುತ್ತಾರೆ. ಗಡಿಯಾರ ನೋಡುವ ಗೋಜಿಗೆ ಹೋಗುವುದಿಲ್ಲ. ಮೆಟ್ಟಿಲ ಮೇಲೆ ಒಂದು ಜೊತೆ ಚಪ್ಪಲಿಯ ಸದ್ದು ಕೇಳಿಸಿದರೆ ಐದೂವರೆ ಆಯಿತೆಂದೇ ಅರ್ಥ. "ನನ್ನ ಗಡಿಯಾರ ಎರಡು ಸಲ ನಿಂತಿದೆ, ಈ ಮೇಡಂ ಒಂದು ಸಲಾನೂ ನಿಂತಿಲ್ಲ," ಎನ್ನುತ್ತ ಬಾಗಿಲು ತೆರೆಯುತ್ತಾರೆ. ಅವರು ಇಟ್ಟಿರುವ ಹೆಸರು 'ಐದೂವರೆ ಮೇಡಂ'. ಹತ್ತೊಂಬತ್ತು ವರ್ಷದಿಂದ ಅದೇ ಹೆಸರು ನಡೆದುಕೊಂಡು ಬಂದಿದೆ.

ಎರಡನೇ ಮಹಡಿಯ ಕೊನೆಯ ಕೋಣೆ ಮೇಡಂ ಅವರ ಪ್ರಯೋಗಾಲಯ. ಒಳಗೆ ಹೋದವರೇ ದೀಪ ಹಾಕುವುದಕ್ಕೂ ಮುಂಚೆ ನಲ್ಲಿ ತಿರುಗಿಸಿ, ಕಿವಿಗೊಟ್ಟು ನಿಲ್ಲುತ್ತಾರೆ. ನೀರು ಸೊರ್ರೆಂದು ಒಂದೇ ಸಮ ಬಿದ್ದರೆ ಮುಖ ಅರಳುತ್ತದೆ. ದ್ರವವನ್ನು ಕುದಿಸಿ, ಅದರ ಆವಿಯನ್ನು ತಣಿಸಿ ಮತ್ತೆ ಹಿಡಿಯುವ ಕೆಲಸಕ್ಕೆ ಗಾಜಿನ ಕೊಳವೆಯ ಸುತ್ತ ತಣ್ಣೀರು ಎಡೆಬಿಡದೆ ಹರಿಯುತ್ತಲೇ ಇರಬೇಕು. ಎಂಟು ಗಂಟೆಯ ಮೇಲೆ ಈ ಕಟ್ಟಡದಲ್ಲಿ ಅಂಥ ನೀರು ಸಿಗುವುದಿಲ್ಲ. "ಹಾಸ್ಟೆಲ್ ಮಕ್ಕಳು ಸ್ನಾನಕ್ಕೆ ನಿಂತ್ರು ಅಂದ್ರೆ ನಮ್ಮ ನಲ್ಲಿ ಮೂಗು ಸುರಿಸೋಕೆ ಶುರುಮಾಡುತ್ತೆ. ಅವರಿಗೆ ಸ್ನಾನ ಮಾಡ್ಬೇಡಿ ಅನ್ನೋಕಾಗುತ್ತಾ? ನಾನೇ ಬೇಗ ಏಳ್ತೀನಿ," ಎನ್ನುತ್ತಾರೆ. ಮಹಾ ತ್ಯಾಗ ಮಾಡುತ್ತಿರುವ ಭಾವವೇನೂ ಅವರ ದನಿಯಲ್ಲಿಲ್ಲ. ಹಾಲು ಬೇಗ ಬರುತ್ತದೆ, ಅದಕ್ಕೇ ಬೇಗ ಏಳುತ್ತೇನೆ ಎಂಬಂತೆ ಹೇಳುತ್ತಾರೆ.

ಇವತ್ತು ಒಲೆಯ ಮೇಲಿರುವ ದುಂಡು ತಳದ ಗಾಜಿನ ಬುರುಡೆಯಲ್ಲಿ ಏನಿದೆ ಎಂದು ಇಣುಕಿದರೆ ನಿರಾಶೆಯೇ ಗತಿ. ಗಿಡಮರಗಳ ತೊಗಟೆಯಿಂದ ಸಾರ ಹೀರಿ ತೆಗೆಯಲು ಬಳಸುವ ದ್ರಾವಕವೊಂದೇ ಅದರಲ್ಲಿದೆ. ತೊಗಟೆಯಿಲ್ಲ, ಬೇರಿಲ್ಲ, ಎಲೆಯಿಲ್ಲ. ಪಕ್ಕದಲ್ಲಿ ನಿದ್ದೆಗಣ್ಣಿನಲ್ಲಿ ನಿಂತಿರುವವಳು ಒಂಬತ್ತು ದಿನದ ಹಿಂದೆ ಪಿಎಚ್‌ಡಿಗೆ ಸೇರಿದ ಹುಡುಗಿ. ಇಡೀ ತರಗತಿಗೆ ಮೊದಲಿಗಳಾಗಿ ಪಾಸಾದವಳು. ಒಂಬತ್ತು ದಿನದಿಂದ ಅವಳ ಕೆಲಸ ಇದೊಂದೇ. ಹತ್ತು ಲೀಟರ್ ದ್ರಾವಕವನ್ನು ಪೀಪಾಯಿಯಿಂದ ಇಳಿಸಿಕೊಂಡು, ಅದೇ ಬುರುಡೆ ಅದೇ ಕೊಳವೆಗಳಲ್ಲಿ ಹಾಯಿಸಿ, ಪೂರ್ತಿ ಆವಿಯಾಗಿಸಿ, ತಳದಲ್ಲಿ ಏನಾದರೂ ಉಳಿಯಿತೇ ಎಂದು ನೋಡುವುದು. ಬುರುಡೆ ಕುದಿಸುವ ಮೊದಲು ಎಷ್ಟು ತೂಗುತ್ತದೋ ಕುದಿಸಿದ ಮೇಲೂ ಅಷ್ಟೇ ತೂಗಬೇಕು. ಕೂದಲೆಳೆಯಷ್ಟು ಹೆಚ್ಚಾದರೂ ಮತ್ತೆ ಮೊದಲಿಂದ.

"ನಿನ್ನೆ ಅಪ್ಪ ಫೋನ್ ಮಾಡಿ, ಏನಮ್ಮಾ ಕಂಡುಹಿಡಿದೆ ಅಂತ ಕೇಳಿದ್ರು," ಎನ್ನುತ್ತಾಳೆ ಹುಡುಗಿ. "ಏನೂ ಇಲ್ಲ ಅಂತ ಕಂಡುಹಿಡಿದೆ ಅಂದೆ. ಫೋನ್ ಇಟ್ಟುಬಿಟ್ರು."

ಮೇಡಂ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಅವರ ಬಳಿ ಕಲಿಯಲು ಬಂದ ಪ್ರತಿಯೊಬ್ಬರೂ ಮೊದಲ ಎರಡು ವಾರ ಹೀಗೆ ಏನೂ ಇಲ್ಲದ್ದನ್ನು ಕುದಿಸಲೇಬೇಕು. ಅದಕ್ಕೆ 'ಖಾಲಿ' ಎಂದು ಹೆಸರು. "ಖಾಲಿ ಆಯ್ತಾ?" ಎಂದು ಕೇಳಿ, ಆಯ್ತು ಎಂದ ಮೇಲೆಯೇ ತೊಗಟೆಯ ಚೀಲ ಬಿಚ್ಚುವುದು. ಬೇರೆ ಪ್ರಯೋಗಾಲಯದ ಹುಡುಗರು ಇದಕ್ಕೆ ಮೂಗು ಮುರಿಯುತ್ತಾರೆ, ಕಾರಿಡಾರಿನಲ್ಲಿ 'ಏನೂ ಇಲ್ಲದ್ದನ್ನು ಕುದಿಸುವ ಮೇಡಂ' ಎಂದು ಆಡಿಕೊಳ್ಳುತ್ತಾರೆ. ಅದು ಮೇಡಂ ಕಿವಿಗೂ ಬಿದ್ದಿದೆ. ಐದೂವರೆಗಿಂತ ಈ ಹೆಸರೇ ತಮಗೆ ಹೆಚ್ಚು ಒಪ್ಪುತ್ತದೆ ಎಂಬುದು ಅವರ ಅಭಿಪ್ರಾಯ.

ಮೇಡಂಗೆ ಈಗ ಐವತ್ತನಾಲ್ಕು. ಹುದ್ದೆ ಸಹ ಪ್ರಾಧ್ಯಾಪಕಿ. ಊರವರ ಬಾಯಲ್ಲಿ ಕಾಲೇಜಿನಲ್ಲಿ ಪಾಠ ಮಾಡುವವರೆಲ್ಲ ಪ್ರೊಫೆಸರೇ. ಆದರೆ ಆ ಮೆಟ್ಟಿಲು ಹತ್ತುವವರಿಗೆ ಮಾತ್ರ ಗೊತ್ತು ಅದು ಎಷ್ಟು ಉದ್ದದ ಏಣಿ ಎಂದು. ತಾತ್ಕಾಲಿಕ ಉಪನ್ಯಾಸಕಿ, ಆಮೇಲೆ ಸಹಾಯಕ ಪ್ರಾಧ್ಯಾಪಕಿ, ಆಮೇಲೆ ಸಹ ಪ್ರಾಧ್ಯಾಪಕಿ, ಎಲ್ಲಕ್ಕೂ ಮೇಲೆ ಪ್ರಾಧ್ಯಾಪಕಿ. ಆ ಕೊನೆಯ ಮೆಟ್ಟಿಲಿಗೆ ಸಂದರ್ಶನಕ್ಕೆ ಕೂರಲು ಇಲ್ಲಿ ಮೂರೇ ಅವಕಾಶ. ಎರಡು ಕೈಬಿಟ್ಟು ಹೋಗಿವೆ. ಮೂರನೆಯದು ಮೂರು ವಾರದ ಹಿಂದೆ ಮುಗಿದಿದೆ. ಫಲಿತಾಂಶ ಇವತ್ತೋ ನಾಳೆಯೋ ಎನ್ನುವ ಹೊತ್ತು. ಇದೂ ತಪ್ಪಿದರೆ ಮೇಡಂ ನಿವೃತ್ತಿಯವರೆಗೂ ಇದೇ ಮೆಟ್ಟಿಲಲ್ಲಿ ಕೂರಬೇಕು. "ತಲೆ ಕೆಡಿಸಿಕೊಂಡಿಲ್ಲ ಅಂದ್ರೆ ಸುಳ್ಳಾಗುತ್ತೆ," ಎನ್ನುತ್ತಾರೆ ಅವರು, ತಕ್ಕಡಿಯ ಗಾಜಿನ ಬಾಗಿಲು ಸರಿಸುತ್ತ. "ಮೂರು ವಾರದಿಂದ ಮನೇಲಿ ಎರಡು ಸಲ ಸಾರಿಗೆ ಉಪ್ಪು ಹಾಕೋದು ಮರೆತಿದೀನಿ."

ಮೇಡಂ ಅವರ ಅಪ್ಪನದು ಡ್ರೈ ಕ್ಲೀನಿಂಗ್ ಅಂಗಡಿ. ಮುಂದೆ ಗಿರಾಕಿಗಳ ಕಟ್ಟೆ, ಹಿಂದೆ ಯಂತ್ರ, ಮೇಲಿನ ಎರಡು ಕೋಣೆಯಲ್ಲಿ ಸಂಸಾರ. ದ್ರಾವಕದ ವಾಸನೆಯೇ ಅವರಿಗೆ ಮನೆಯ ವಾಸನೆ. ಶಾಲೆಯಿಂದ ಬಂದವಳು ಕಟ್ಟೆಯ ಹಿಂದೆ ಕೂತು ಕಲೆಗಳ ಚೀಟಿ ಬರೆಯುತ್ತಿದ್ದಳು. ಇದು ಎಣ್ಣೆ, ಇದು ಶಾಯಿ, ಇದು ರಕ್ತ, ಇದು ಏನೋ ಗೊತ್ತಿಲ್ಲ. ಆ 'ಏನೋ ಗೊತ್ತಿಲ್ಲ' ಎಂಬ ಬಟ್ಟೆಗಳೆಂದರೆ ಆ ಹುಡುಗಿಗೆ ಪಂಚಪ್ರಾಣ. ಯಾವ ದ್ರವಕ್ಕೆ ಯಾವ ಕಲೆ ಬಿಡುತ್ತದೆ ಎಂದು ಅಪ್ಪನನ್ನು ಕಾಡಿ ಬೇಡಿ ಕೇಳುತ್ತಿದ್ದಳು. ಹೊಸ ದ್ರವ ಏನೇ ಬಂದರೂ ಅಪ್ಪ ಅದನ್ನು ಮೊದಲು ಹಚ್ಚುತ್ತಿದ್ದುದು ಬಟ್ಟೆಯ ಒಳಮಡಿಕೆಗೆ, ಯಾರ ಕಣ್ಣಿಗೂ ಬೀಳದ ಜಾಗಕ್ಕೆ. ಬಣ್ಣ ಬಿಡಲಿಲ್ಲ ಎಂದು ಖಾತ್ರಿಯಾದ ಮೇಲೆಯೇ ಕಲೆಗೆ ಕೈಹಾಕುವುದು.

ಬಿಎಸ್‌ಸಿ, ಎಂಎಸ್‌ಸಿ ಐದು ವರ್ಷ. ಪಿಎಚ್‌ಡಿ ಆರು ವರ್ಷ. ಬೇರೆ ಊರಿನ ಪ್ರಯೋಗಾಲಯದಲ್ಲಿ ಮತ್ತೆರಡು ವರ್ಷ. ಇಷ್ಟಾದ ಮೇಲೆ ಕೆಲಸ ಸಿಕ್ಕಿತು ಎಂದು ಮನೆಯವರು ನಿಟ್ಟುಸಿರು ಬಿಡುವಷ್ಟರಲ್ಲಿ ಅದು ಹತ್ತು ತಿಂಗಳ ಕೆಲಸ ಎಂದು ತಿಳಿಯಿತು. ಹತ್ತು ತಿಂಗಳು ಪಾಠ, ಎರಡು ತಿಂಗಳು ಮನೆ. ಮತ್ತೆ ಅರ್ಜಿ, ಮತ್ತೆ ಹತ್ತು ತಿಂಗಳು. ಹೀಗೆ ನಾಲ್ಕು ವರ್ಷ. ಪ್ರತಿ ಸಲವೂ ಮೇಜಿನ ಖಾನೆ ಖಾಲಿ ಮಾಡಿ ಕೀಲಿಕೈ ಒಪ್ಪಿಸಬೇಕಿತ್ತು. ಆ ಎರಡೆರಡು ತಿಂಗಳು ಅವರು ಅಪ್ಪನ ಅಂಗಡಿಯ ಕಟ್ಟೆಯ ಹಿಂದೆ ಕೂರುತ್ತಿದ್ದರು. "ಡಾಕ್ಟರಮ್ಮ, ಈ ಕೋಟಿಗೆ ಏನು ಕಾಯಿಲೆ ನೋಡಿ," ಎಂದು ಗಿರಾಕಿಗಳು ತಮಾಷೆ ಮಾಡಿದರೆ ಕೋಟನ್ನು ತಿರುಗಿಸಿ ನೋಡಿ, "ನಾಳೆ ಸಂಜೆ ಡಿಸ್ಚಾರ್ಜ್," ಎನ್ನುತ್ತಿದ್ದರು. ಮಗಳು ಹುಟ್ಟಿದ್ದೂ ಅಂಥದೊಂದು ಎರಡು ತಿಂಗಳ ಬಿಡುವಿನಲ್ಲೇ. ಅವಳು ಈಗ ಬೇರೆ ಊರಲ್ಲಿ ಕಾಲೇಜು ಓದುತ್ತಿದ್ದಾಳೆ. "ರಸಾಯನಶಾಸ್ತ್ರ ಮಾತ್ರ ಬೇಡಮ್ಮ, ನನಗೆ ಬೆಳಗ್ಗೆ ನಿದ್ದೆ ಬೇಕು," ಎಂದು ಮೊದಲೇ ಕೈಮುಗಿದಿದ್ದಾಳೆ.

ಕಾಯಂ ಹುದ್ದೆ ಸಿಕ್ಕಾಗ ಮೇಡಂಗೆ ಮೂವತ್ತೈದು. ಅಂದಿನಿಂದ ದಿನಚರಿ ಬದಲಾಗಿಲ್ಲ. ಐದೂವರೆಯಿಂದ ಎಂಟರವರೆಗೆ ಕುದಿಸುವ ಕೆಲಸ. ಒಂಬತ್ತಕ್ಕೆ ಅರವತ್ತನಾಲ್ಕು ಮಕ್ಕಳ ಮೊದಲ ವರ್ಷದ ತರಗತಿ. ವಾರಕ್ಕೆ ಹದಿನಾರು ಗಂಟೆ ಪಾಠ, ಮೂರು ಮಧ್ಯಾಹ್ನ ಪ್ರಾಯೋಗಿಕ ತರಗತಿ, ಪರೀಕ್ಷೆ ಬಂತೆಂದರೆ ನಾನೂರು ಉತ್ತರಪತ್ರಿಕೆ. ದಿನಕ್ಕೆ ಸರಾಸರಿ ನಲವತ್ತು ಗಾಜಿನ ಪಾತ್ರೆ ತೊಳೆಯುತ್ತಾರೆ. ಅದಕ್ಕೆ ಸಹಾಯಕರಿದ್ದಾರೆ, ಆದರೆ ಮೇಡಂ ಅವರನ್ನು ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಇವರ ಕೈಕೆಳಗೆ ಪಿಎಚ್‌ಡಿ ಮುಗಿಸಿದವರು ಹನ್ನೊಂದು ಮಂದಿ, ಅದರಲ್ಲಿ ಇಬ್ಬರು ಈಗಾಗಲೇ ಬೇರೆ ಕಡೆ ಪ್ರಾಧ್ಯಾಪಕರು. ಶಿಷ್ಯರು ಏಣಿಯ ತುದಿಯಲ್ಲಿ, ಗುರು ಇನ್ನೂ ಒಂದು ಮೆಟ್ಟಿಲು ಕೆಳಗೆ. "ಹೊಟ್ಟೆಕಿಚ್ಚು ಇಲ್ವಾ?" ಎಂದರೆ ಮೇಡಂ ಸ್ವಲ್ಪ ಯೋಚಿಸುತ್ತಾರೆ. "ಒಬ್ಬನ ಮೇಲೆ ಇಲ್ಲ. ಇನ್ನೊಬ್ಬನ ಮೇಲೆ ಸ್ವಲ್ಪ ಇದೆ, ಅವನು ಪಾತ್ರೆ ಸರಿಯಾಗಿ ತೊಳೀತಿರ್ಲಿಲ್ಲ."

ಈ ಒಂದು ಮೆಟ್ಟಿಲು ತಪ್ಪಿದ್ದಕ್ಕೆ ಕಾರಣ ಎರಡು ಹನಿ ಎಣ್ಣೆ.

ಹದಿನಾಲ್ಕು ವರ್ಷದ ಹಿಂದೆ ಮೇಡಂ ಒಂದು ಮರದ ತೊಗಟೆಯನ್ನು ಹಿಡಿದು ಕೂತಿದ್ದರು. ಎರಡೂವರೆ ವರ್ಷ, ಮೂರು ಚೀಲ ತೊಗಟೆ, ನೂರಾರು ಲೀಟರ್ ದ್ರಾವಕ. ಕೊನೆಗೆ ಗಾಜಿನ ಸಣ್ಣ ಸೀಸೆಯ ತಳದಲ್ಲಿ ಮೂವತ್ತೆಂಟು ಮಿಲಿಗ್ರಾಂ ಎಣ್ಣೆ ಉಳಿಯಿತು, ಎಂದರೆ ಎರಡು ಹನಿ. ಪರೀಕ್ಷೆಗೆ ಒಡ್ಡಿದರೆ ಅದು ಯಾರೂ ಅದುವರೆಗೆ ವರದಿ ಮಾಡದ ವಸ್ತು. ಅದರ ಮೇಲಿನ ಸಂಶೋಧನಾ ಲೇಖನ ದೊಡ್ಡ ಪತ್ರಿಕೆಯಲ್ಲಿ ಪ್ರಕಟವಾಯಿತು. ವಿಭಾಗದಲ್ಲಿ ಎಲ್ಲರೂ ಬೆನ್ನು ತಟ್ಟಿದರು. ಮೇಡಂ ಆ ಸೀಸೆಯನ್ನು ಅಪ್ಪನಿಗೆ ತೋರಿಸಲೆಂದೇ ಅಂಗಡಿಗೆ ಒಯ್ದಿದ್ದರು. ಅಪ್ಪ ಬೆಳಕಿಗೆ ಹಿಡಿದು ನೋಡಿ, "ಇಷ್ಟಕ್ಕೆ ಎರಡೂವರೆ ವರ್ಷಾನಾ?" ಎಂದಿದ್ದರಂತೆ.

ಮೂರು ವರ್ಷ ಕಳೆಯಿತು. ಪ್ರಾಧ್ಯಾಪಕ ಹುದ್ದೆಯ ಮೊದಲ ಸಂದರ್ಶನಕ್ಕೆ ಕರೆ ಬಂತು. ಅರ್ಜಿಯ ಮುಖ್ಯ ಬಲವೇ ಆ ಲೇಖನ. ಆಗ ಬಂತು ಒಂದು ಮಿಂಚಂಚೆ. ದೂರದ ಊರಿನ, ಮುಖ ಪರಿಚಯವೂ ಇಲ್ಲದ ಒಬ್ಬ ಸಂಶೋಧನಾ ವಿದ್ಯಾರ್ಥಿನಿ ಬರೆದಿದ್ದಳು. ಮೇಡಂ ಅದನ್ನು ಇವತ್ತಿಗೂ ಬಾಯಿಪಾಠ ಹೇಳುತ್ತಾರೆ. ನಿಮ್ಮ ಲೇಖನ ನೋಡಿಕೊಂಡು ಎಂಟು ತಿಂಗಳಿಂದ ಅದೇ ತೊಗಟೆ ಕುದಿಸುತ್ತಿದ್ದೇನೆ, ಒಂದು ಸಲವೂ ಆ ಎಣ್ಣೆ ಬರಲಿಲ್ಲ, ನನ್ನ ಕೈಯಲ್ಲೇ ದೋಷವಿದೆ ಎಂದು ನಮ್ಮ ಗೈಡ್ ಹೇಳುತ್ತಾರೆ, ನನಗೂ ಹಾಗೇ ಅನ್ನಿಸಿದೆ, ಈ ತಿಂಗಳ ಕೊನೆಗೆ ಪಿಎಚ್‌ಡಿ ಬಿಡುತ್ತಿದ್ದೇನೆ, ಬಿಡುವ ಮುಂಚೆ ಒಂದೇ ಒಂದು ಸಲ ನಿಮ್ಮ ಮಾದರಿ ನೋಡಬಹುದೇ, ಎಂದು.

ತಿಂಗಳ ಕೊನೆಗೆ ಇಪ್ಪತ್ತು ದಿನವಿತ್ತು. ಮಾದರಿ ಮುಗಿದುಹೋಗಿತ್ತು, ಹಾಗಾಗಿ ಮೇಡಂ ಮತ್ತೆ ಒಲೆ ಹಚ್ಚಿದರು. ಈ ನಡುವೆ ಪೀಪಾಯಿಯಿಂದ ದ್ರಾವಕ ಇಳಿಸುವ ಪ್ಲಾಸ್ಟಿಕ್ ನಳಿಕೆ ಬದಲಾಗಿ ಗಾಜಿನದು ಬಂದಿತ್ತು. ಅದರಲ್ಲಿ ಇಳಿಸಿ ತೊಗಟೆ ಕುದಿಸಿದರೆ ಎಣ್ಣೆಯ ಸುಳಿವೇ ಇಲ್ಲ. ಹಳೇ ನಳಿಕೆ ಕಪಾಟಿನ ಹಿಂದೆ ಬಿದ್ದಿತ್ತು, ಹುಡುಕಿ ತಂದು ಹಾಕಿದರು. ಎಣ್ಣೆ ಬಂತು. ಕೊನೆಗೆ ತೊಗಟೆಯನ್ನೇ ಹಾಕದೆ, ಬರಿಯ ದ್ರಾವಕವನ್ನು ಹಳೇ ನಳಿಕೆಯಲ್ಲಿ ಇಳಿಸಿ ಕುದಿಸಿದರು. ಆಗಲೂ ಬುರುಡೆಯ ತಳದಲ್ಲಿ ಅದೇ ಎಣ್ಣೆ. ಮರಕ್ಕೂ ಅದಕ್ಕೂ ಎಳ್ಳಷ್ಟೂ ಸಂಬಂಧವಿರಲಿಲ್ಲ. ಪ್ಲಾಸ್ಟಿಕ್ಕನ್ನು ಮೆದುವಾಗಿಡಲು ಕಾರ್ಖಾನೆಯವರು ಬೆರೆಸಿದ್ದ ಹೊಸ ಬಗೆಯ ಎಣ್ಣೆ ಅದು. ಹನಿಹನಿಯಾಗಿ ದ್ರಾವಕಕ್ಕೆ ಇಳಿದು, ನೂರಾರು ಲೀಟರ್ ಆವಿಯಾದ ಮೇಲೆ ಎರಡು ಹನಿಯಾಗಿ ಕೂತಿತ್ತು.

"ಮೊದಲೇ ಒಂದು ಸಲ ಖಾಲಿ ಕುದಿಸಿದ್ರೆ ಮುಗಿದಿತ್ತು. ಒಂದು ದಿನದ ಕೆಲಸ. ಎರಡೂವರೆ ವರ್ಷ ಮಾಡ್ದವಳು ಆ ಒಂದು ದಿನ ಮಾಡ್ಲಿಲ್ಲ," ಎನ್ನುತ್ತಾರೆ ಮೇಡಂ. "ಸ್ಟೂಲ್ ಮೇಲೆ ಕೂತು ಅತ್ತೆ. ಹತ್ತು ನಿಮಿಷ ಅತ್ತಿರಬಹುದು. ಆಮೇಲೆ ಬುರುಡೆ ತೊಳೆದಿಟ್ಟೆ, ಬೇರೆಯವರಿಗೆ ಬೇಕಿತ್ತು."

ಇಷ್ಟೆಲ್ಲ ಆಗುವಾಗ ತಿಂಗಳ ಕೊನೆಗೆ ಒಂಬತ್ತು ದಿನ ಉಳಿದಿತ್ತು, ಸಂದರ್ಶನಕ್ಕೆ ಏಳು ವಾರ. ಆಗಿನ ವಿಭಾಗದ ಮುಖ್ಯಸ್ಥರು ಕೆಟ್ಟವರಲ್ಲ, ಮೇಡಂ ಮೇಲೆ ಅಕ್ಕರೆ ಇದ್ದವರೇ. ಬಾಗಿಲು ಹಾಕಿಕೊಂಡು ಮೆಲ್ಲಗೆ ಹೇಳಿದರಂತೆ: "ನೋಡಮ್ಮ, ಆ ಹುಡುಗಿಗೆ ಈಗಲೇ ಫೋನ್ ಮಾಡು, ನಾನು ಬೇಡ ಅನ್ನಲ್ಲ. ಪತ್ರಿಕೆಗೆ ಬರೆಯೋದನ್ನ ಮಾತ್ರ ಏಳು ವಾರ ತಡಮಾಡು. ಮೂರು ವರ್ಷ ಇದ್ದ ತಪ್ಪು ಇನ್ನೇಳು ವಾರ ಇದ್ರೆ ಆಕಾಶ ಬೀಳುತ್ತಾ?"

ಮಾತಿನಲ್ಲಿ ತರ್ಕವಿತ್ತು, ಮೇಡಂ ಕೂಡ ಅದನ್ನು ಒಪ್ಪುತ್ತಾರೆ. ಒಂದು ರಾತ್ರಿ ಪೂರ್ತಿ ಹಾಗೇ ಮಾಡೋಣವೆಂದೇ ಅಂದುಕೊಂಡಿದ್ದರಂತೆ. ಬೆಳಗ್ಗೆ ಹೋಗಿ ಮುಖ್ಯಸ್ಥರಿಗೆ ಕೊಟ್ಟ ಉತ್ತರ ಮಾತ್ರ ಬೇರೆ. "ಸರ್, ಅವಳು ಬರೆದಳು, ಹಾಗಾಗಿ ಗೊತ್ತಾಯ್ತು. ಬರೆಯದೇ ಎಲ್ಲೋ ಕೂತು ಇದೇ ತೊಗಟೆ ಕುದಿಸ್ತಾ, ತಮ್ಮ ಕೈ ಸರಿಯಿಲ್ಲ ಅಂದ್ಕೊಂಡಿರೋರು ಎಷ್ಟು ಜನ? ಅವರಿಗೆ ಫೋನ್ ಮಾಡೋದು ಹೇಗೆ?"

ಮೇಡಂ ಗಂಡ ಮುದ್ರಣಾಲಯವೊಂದರಲ್ಲಿ ಪ್ರೂಫ್ ತಿದ್ದುವವರು. ಬೆಳಗಾದರೆ ಬೇರೆಯವರ ತಪ್ಪು ಹುಡುಕುವುದೇ ಅವರ ಕಸುಬು. ಹೆಂಡತಿಯ ಮಾತೆಲ್ಲ ಕೇಳಿ ಅವರು ಕನ್ನಡಕ ಒರೆಸಿಕೊಂಡು ಹೇಳಿದ್ದು ಇಷ್ಟೇ: "ನಾವು ಪುಸ್ತಕದ ಕೊನೇ ಪುಟದಲ್ಲಿ ತಪ್ಪು ಒಪ್ಪು ಪಟ್ಟಿ ಹಾಕ್ತೀವಿ. ಹಾಕದೇ ಇರೋ ಪುಸ್ತಕದಲ್ಲಿ ತಪ್ಪಿಲ್ಲ ಅಂತ ಅಲ್ಲ, ಯಾರೂ ನೋಡಿಲ್ಲ ಅಂತ. ಬರೆದು ಕೊಡು, ಪೋಸ್ಟ್ ಮಾಡೋಕೆ ಮುಂಚೆ ನಾನೊಂದು ಸಲ ನೋಡ್ತೀನಿ." ಪತ್ರಿಕೆಗೆ ಹೋದ ಆ ಪತ್ರದಲ್ಲಿ ಒಂದು ಅಲ್ಪವಿರಾಮ ಅವರು ಹಾಕಿದ್ದು. ಅದನ್ನು ಈಗಲೂ ಹೇಳಿಕೊಳ್ಳುತ್ತಾರೆ.

ಆ ದೂರದ ಊರಿನ ಹುಡುಗಿಗೆ ಅದೇ ದಿನ ಫೋನ್ ಹೋಯಿತು. ವಿಷಯವೆಲ್ಲ ಹೇಳಿ ಮುಗಿಸಿದರು. ಬೈಗುಳ ಬರುತ್ತದೆ ಎಂದೇ ಮೇಡಂ ಕಾದಿದ್ದರು. ಎಂಟು ತಿಂಗಳು ಹಾಳು ಮಾಡಿದವರಿಗೆ ಬೈಯದೆ ಇನ್ನೇನು? ಆದರೆ ಹುಡುಗಿ ಕೇಳಿದ್ದು ಒಂದೇ ಪ್ರಶ್ನೆ.

"ಹಾಗಾದ್ರೆ ನನ್ನ ಕೈ ಸರಿ ಇದೆಯಾ ಮೇಡಂ?"

"ನಿನ್ನ ಕೈ ಸರಿ ಇದೆಯಮ್ಮ. ನನ್ನ ನಳಿಕೆ ಸರಿ ಇರ್ಲಿಲ್ಲ."

ಇದು ನಡೆದು ಎಂಟು ವರ್ಷವಾಯಿತು. ಹುಡುಗಿ ಪಿಎಚ್‌ಡಿ ಬಿಡಲಿಲ್ಲ. ಬೇರೆ ಮರ ಹಿಡಿದು ಮುಗಿಸಿದಳು, ಈಗ ತಾನೂ ಪಾಠ ಮಾಡುತ್ತಾಳೆ. ಅವಳ ವಿದ್ಯಾರ್ಥಿಗಳೂ ಮೊದಲ ಎರಡು ವಾರ ಏನೂ ಇಲ್ಲದ್ದನ್ನೇ ಕುದಿಸುತ್ತಾರೆ ಎಂದು ವರ್ಷಕ್ಕೊಮ್ಮೆ ವರದಿ ಬರುತ್ತದೆ.

ಲೇಖನವನ್ನು ಪತ್ರಿಕೆ ಹಿಂದಕ್ಕೆ ಪಡೆಯಿತು. ಅರ್ಜಿಯ ಬಲವೂ ಅದರ ಜೊತೆಗೆ ಹೋಯಿತು. ಸಂದರ್ಶನದಲ್ಲಿ ಒಂದು ಲೇಖನ ಕಮ್ಮಿ ಎಂದು ಆರು ನಿಮಿಷದಲ್ಲಿ ಕಳಿಸಿಕೊಟ್ಟರು. ಅಪ್ಪನಿಗೆ ಎಲ್ಲವನ್ನೂ ಬಿಡಿಸಿ ಹೇಳಿದರೆ ಅವರು ಇಸ್ತ್ರಿಪೆಟ್ಟಿಗೆ ಬದಿಗಿಟ್ಟು ಮಗಳ ಮುಖವನ್ನೇ ದಿಟ್ಟಿಸಿದರು. "ಒಳಮಡಿಕೆ ನೋಡ್ಲಿಲ್ವೇನೇ?" ಎಂದರು. ಮೇಡಂಗೆ ನಗುವೂ ಬಂತು, ಅಳುವೂ ಬಂತು. ಪಿಎಚ್‌ಡಿ ಕೊಟ್ಟ ಗೈಡ್ ಹೇಳಬೇಕಾದ ಮಾತನ್ನು ಅಂಗಡಿಯ ಅಪ್ಪ ಹೇಳಿಬಿಟ್ಟಿದ್ದರು.

ನಾಲ್ಕು ವರ್ಷ ಬಿಟ್ಟು ಎರಡನೇ ಸಂದರ್ಶನ. ಅರ್ಜಿಯಲ್ಲಿ ಹಿಂದಕ್ಕೆ ಪಡೆದ ಲೇಖನಕ್ಕೆ ಜಾಗವೇ ಇರಲಿಲ್ಲ. ಮೇಡಂ 'ಇತರೆ' ಎಂಬಲ್ಲಿ ಬರೆದರು. ಸಮಿತಿಯವರಲ್ಲೊಬ್ಬರು ಹುಬ್ಬೇರಿಸಿ, ಕೇಳದೇ ಇದ್ದದ್ದನ್ನ ಯಾಕಮ್ಮ ಹೇಳ್ತೀರಿ ಎಂದರು. ಹುದ್ದೆ ಇನ್ನೊಬ್ಬರಿಗೆ ಹೋಯಿತು. ಇದರಲ್ಲಿ ಅನ್ಯಾಯವಾಯಿತು ಎಂದು ಮೇಡಂ ಬಾಯಿಂದ ಹೊರಡಿಸಲು ಎಷ್ಟು ಪ್ರಯತ್ನಿಸಿದರೂ ಫಲವಿಲ್ಲ. "ಅವರು ನನಗಿಂತ ಚೆನ್ನಾಗಿ ಕೆಲಸ ಮಾಡಿದ್ರು. ನೀವು ಬೇಕಾದ್ರೆ ಅನ್ಯಾಯ ಅಂತ ಬರ್ಕೊಳ್ಳಿ, ನಾನು ಹೇಳ್ದೆ ಅಂತ ಮಾತ್ರ ಬರೀಬೇಡಿ."

ಹಾಗಾದರೆ ಇಷ್ಟೆಲ್ಲ ಆದ ಮೇಲೂ ಆ ಹುದ್ದೆ ಯಾಕೆ ಬೇಕು? ಮೇಡಂ ಎರಡು ಬೆರಳು ಎತ್ತುತ್ತಾರೆ. "ಒಂದು, ಪಠ್ಯಕ್ರಮ ಸಮಿತೀಲಿ ಪ್ರಾಧ್ಯಾಪಕರಿಗೆ ಮಾತ್ರ ಕುರ್ಚಿ. ಮೊದಲ ವರ್ಷದ ಪ್ರಾಯೋಗಿಕ ಪುಸ್ತಕದಲ್ಲಿ ಖಾಲಿ ಕುದಿಸೋದಕ್ಕೆ ಒಂದು ಪುಟ ಬೇಕು ಅಂತ ಹೊರಗಡೆ ನಿಂತು ಏಳು ವರ್ಷದಿಂದ ಹೇಳ್ತಾ ಇದೀನಿ, ಒಳಗೆ ಯಾರಿಗೂ ಕೇಳಿಸ್ತಿಲ್ಲ. ಎರಡು, ಹೆಸರಿನ ಆಸೆ. ಅದೂ ಇದೆ, ಇಲ್ಲ ಅಂತ ಯಾಕೆ ನಾಟಕ ಮಾಡ್ಲಿ? ಇಪ್ಪತ್ತನೇ ವಯಸ್ಸಿಂದ ಆಗ್ಬೇಕು ಅಂದ್ಕೊಂಡಿದ್ದು."

ಮೂರು ವಾರದ ಹಿಂದಿನ ಸಂದರ್ಶನದ ಅರ್ಜಿಯಲ್ಲಿ ಹೊಸದೊಂದು ಕಲಂ ಇತ್ತು. ನಿಮ್ಮ ಸಂಶೋಧನೆಯಿಂದ ಇತರರ ಕೆಲಸದ ಮೇಲಾದ ಪರಿಣಾಮ ತಿಳಿಸಿ, ಎಂದು. ಬೇರೆಯವರು ಅಲ್ಲಿ ಪುಟಗಟ್ಟಲೆ ಬರೆಯುತ್ತಾರೆ. ಮೇಡಂ ಬರೆದದ್ದು ಎರಡು ಸಾಲು. 'ಒಬ್ಬ ವಿದ್ಯಾರ್ಥಿನಿಯ ಎಂಟು ತಿಂಗಳು ವ್ಯರ್ಥವಾಯಿತು. ತಪ್ಪನ್ನು ಪ್ರಕಟಿಸಿದ ಮೇಲೆ ನನಗೆ ತಿಳಿದಂತೆ ಮೂರು ಪ್ರಯೋಗಾಲಯಗಳು ನಳಿಕೆ ಬದಲಾಯಿಸಿವೆ.' ಪ್ರೂಫ್ ನೋಡುವ ಗಂಡ ಅದನ್ನು ಓದಿ, ತಿದ್ದಲು ಏನೂ ಸಿಗದೆ ಹಾಗೇ ಹಿಂದಿರುಗಿಸಿದ್ದರು.

ಸಂದರ್ಶನ ಇಪ್ಪತ್ತೈದು ನಿಮಿಷದ್ದು. ಅದರಲ್ಲಿ ಇಪ್ಪತ್ತು ನಿಮಿಷ ಆ ಎರಡು ಸಾಲಿನ ಮೇಲೆಯೇ ಪ್ರಶ್ನೆ. ಹೇಗೆ ಗೊತ್ತಾಯಿತು, ಎಷ್ಟು ಸಲ ಕುದಿಸಿದಿರಿ, ನಳಿಕೆ ಎಷ್ಟು ಹಳೆಯದು, ತೊಳೆದರೆ ಹೋಗುತ್ತದೆಯೇ. ಸಮಿತಿಯ ಹಿರಿಯರೊಬ್ಬರು ಕೊನೆಗೆ ಪೆನ್ನು ಕೆಳಗಿಟ್ಟು, "ನಮ್ಮ ಪ್ರಯೋಗಾಲಯದಲ್ಲೂ ಅಂಥದೇ ನಳಿಕೆ ಇದೆ ಅನ್ನಿಸುತ್ತೆ," ಎಂದು ತಮಗೆ ತಾವೇ ಹೇಳಿಕೊಂಡರಂತೆ. ಅವರ ಮುಖ ಅಷ್ಟು ಇಳಿದುಹೋಗಿತ್ತು ಎನ್ನುತ್ತಾರೆ ಮೇಡಂ. ಅವರಿಗೆ ಸಮಾಧಾನ ಹೇಳಿ ಹೊರಬಂದದ್ದು ಇವರೇ.

ಈಗ ಹನ್ನೊಂದು ಮುಕ್ಕಾಲು. ತರಗತಿಗಳನ್ನು ಮುಗಿಸಿ ಬಂದ ಮೇಡಂ ತೊಟ್ಟಿಯ ಮುಂದೆ ನಿಂತು ಬೆಳಗಿನ ಪಾತ್ರೆ ತೊಳೆಯುತ್ತಿದ್ದಾರೆ. ಕಚೇರಿಯ ಗುಮಾಸ್ತೆ ಬಾಗಿಲಲ್ಲಿ ನಿಂತು, ಒಳಗೆ ಬರಬಹುದೇ ಎಂದೂ ಕೇಳದೆ, ಲಕೋಟೆಯೊಂದನ್ನು ಚಾಚುತ್ತಾರೆ. "ಸಹಿ ಹಾಕ್ಬೇಕು ಮೇಡಂ." ಮೇಡಂ ಕೈಯಲ್ಲಿ ನೊರೆ. ಒರೆಸಿಕೊಳ್ಳುತ್ತಾರೆ. ಸಾಲದೆಂದು ಮತ್ತೆ ಒರೆಸಿಕೊಳ್ಳುತ್ತಾರೆ. ನಿದ್ದೆಗಣ್ಣಿನ ಹುಡುಗಿಗೆ ಈಗ ನಿದ್ದೆಯೆಲ್ಲ ಹಾರಿಹೋಗಿದೆ. ಲಕೋಟೆ ಒಡೆದು, ಕಾಗದ ಬಿಡಿಸಿ, ಮೇಡಂ ಪ್ರತಿ ಸಾಲನ್ನೂ ಬೆರಳಿಟ್ಟು ಓದುತ್ತಾರೆ. ಒಂದು ಸಲವಲ್ಲ, ಎರಡು ಸಲ.

"ಏನಂತೆ ಮೇಡಂ?" ಹುಡುಗಿಗೆ ತಡೆಯಲಾಗುತ್ತಿಲ್ಲ.

"ಪ್ರಾಧ್ಯಾಪಕಿ ಅಂತೆ."

ಹುಡುಗಿ ಕಿರುಚಿದ್ದಕ್ಕೆ ಪಕ್ಕದ ಮೂರು ಕೋಣೆಯವರು ಓಡಿ ಬರುತ್ತಾರೆ. ಎಲ್ಲರೂ ಒಟ್ಟಿಗೆ ಮಾತಾಡುತ್ತಾರೆ. ಮೂಗು ಮುರಿಯುತ್ತಿದ್ದ ಹುಡುಗರೂ ಅವರಲ್ಲಿದ್ದಾರೆ. ಮೇಡಂ ಸ್ಟೂಲಿನ ಮೇಲೆ ಕೂತು, ಕನ್ನಡಕ ತೆಗೆದು, ಕಣ್ಣು ಒರೆಸಿಕೊಳ್ಳುತ್ತಾರೆ. "ಖುಷಿಯಾಗಿದೆ," ಎನ್ನುತ್ತಾರೆ ಎಲ್ಲರ ಎದುರಿಗೇ. "ಅಯ್ಯೋ, ತುಂಬಾನೇ ಖುಷಿಯಾಗಿದೆ." ಆಮೇಲೆ ಗಂಡನಿಗೆ ಒಂದು ಫೋನ್, ಮಗಳಿಗೆ ಒಂದು. ಮೂರನೆಯದು ಎಂಬತ್ತೊಂದು ವರ್ಷದ ಅಪ್ಪನಿಗೆ, ಅವರಿಗೆ ಕಿವಿ ಸ್ವಲ್ಪ ಮಂದ. ಅದೊಂದು ಫೋನ್ ಇಡೀ ಕಟ್ಟಡಕ್ಕೆ ಕೇಳಿಸುತ್ತದೆ.

ಗಲಾಟೆ ಇಳಿದು ಎಲ್ಲರೂ ಚದುರಿದ ಮೇಲೆ ಮೇಡಂ ಮತ್ತೆ ತೊಟ್ಟಿಯ ಮುಂದೆ ನಿಲ್ಲುತ್ತಾರೆ. ಇಷ್ಟು ವರ್ಷ ಕಾದದ್ದು ಕೈಗೆ ಬಂತು, ಈಗ ಹಿಂದಿರುಗಿ ನೋಡಿದರೆ ಏನನ್ನಿಸುತ್ತದೆ? ಒಂದು ಪಾತ್ರೆ ತೊಳೆದು ಬೋರಲು ಹಾಕಿ, ಇನ್ನೊಂದನ್ನು ಕೈಗೆತ್ತಿಕೊಂಡು ಹೇಳುತ್ತಾರೆ:

"ಹತ್ತೊಂಬತ್ತು ವರ್ಷದಲ್ಲಿ ಈ ಕೋಣೆಯಿಂದ ಎಷ್ಟೋ ಸೀಸೆ ಹೊರಗೆ ಹೋಗಿವೆ. ಯಾವುದನ್ನ ಬೇಕಾದ್ರೂ ತೆಗೆದು ನೋಡಿ, ಮೇಲೆ ಏನು ಬರೆದಿದೆಯೋ ಒಳಗೂ ಅದೇ ಇರುತ್ತೆ. ಒಂದು ಮಾತ್ರ ಹಾಗಿರ್ಲಿಲ್ಲ. ಅದು ಯಾವುದು ಅಂತ ಇವತ್ತು ಎಲ್ಲರಿಗೂ ಗೊತ್ತು. ಹೇಳಿದ್ದು ನಾನೇ."